ಎಲ್ಲಿಗೆ ಅಂತ ಕೇಳದೆ ಹೊರಟವರು

"ಅಬ್ರಹಾಮನನ್ನು ದೇವರು ಕರೆದ್ರು, ಅವನು ಊರು ಬಿಟ್ಟ. ಸರಿ. ನಿಮ್ಮನ್ನ ಯಾರು ಕರೆದ್ರು?"

ಕಳೆದ ಭಾನುವಾರ ಚರ್ಚಿನಿಂದ ವಾಪಸ್ ಬರುವಾಗ ಹಿಂದಿನ ಸೀಟಿನಿಂದ ಮಗಳು ಕೇಳಿದಳು. ನನ್ನ ಗಂಡ ತಟ್ಟನೆ "ಕಂಪನಿ" ಅಂದರು. ಎಲ್ಲರೂ ನಕ್ಕೆವು, ಮಾತು ಬೇರೆ ಕಡೆ ಹೋಯಿತು. ಪರದೇಶದಲ್ಲಿರುವ ನಮ್ಮ ಕನ್ನಡ ಕೂಟದ ಸುದ್ದಿಪತ್ರಕ್ಕೆ ಈ ಸಲದ ಸಂಪಾದಕೀಯ ಗಣೇಶನ ಹಬ್ಬದ ಮೇಲೆ ಅಂತ ಸಮಿತಿಯಲ್ಲಿ ಮಾತಾಗಿತ್ತು. ಆದರೆ ನಾಳೆ ಬೆಳಿಗ್ಗೆ ಪುಟಗಳು ಪ್ರಿಂಟಿಗೆ ಹೋಗಬೇಕು, ಈಗ ರಾತ್ರಿ ಹನ್ನೊಂದು ದಾಟಿದೆ, ಪೆನ್ನಿಗೆ ಬರುತ್ತಿರುವುದು ಅಬ್ರಹಾಮನೇ. ಗಣೇಶ ಕ್ಷಮಿಸುತ್ತಾನೆ ಬಿಡಿ.

ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 12ನೇ ಅಧ್ಯಾಯದಲ್ಲಿ ಅಬ್ರಹಾಮ ಹಾರಾನ್ ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ನಮ್ಮ ಮನೆಗಳಲ್ಲಿ ಆ ವಯಸ್ಸಿನವರು ಮೊಮ್ಮಕ್ಕಳನ್ನು ನೋಡೋಕೆ ಬಂದು, ಚಳಿಗೆ ಹೆದರಿ ಟಿಕೆಟ್ ಬದಲಾಯಿಸಿಕೊಂಡು ಬೇಗ ಹೊರಟುಬಿಡುತ್ತಾರೆ. ಅವನಿಗೆ ದೇವರು ಹೇಳಿದ್ದು ಇಷ್ಟೇ. ನಿನ್ನ ನಾಡು, ಬಂಧುಬಳಗ, ಅಪ್ಪನ ಮನೆ ಬಿಟ್ಟು ನಾನು ತೋರಿಸುವ ನಾಡಿಗೆ ಹೊರಡು. ಯಾವ ನಾಡು ಅಂತ ಹೇಳಲಿಲ್ಲ. ಅವನೂ ಕೇಳಲಿಲ್ಲ. ಹೆಂಡತಿ ಸಾರಾಳನ್ನೂ ಸಹೋದರನ ಮಗ ಲೋಟನನ್ನೂ ಕರೆದುಕೊಂಡು ಹೊರಟೇಬಿಟ್ಟ. ತಾನು ಎಲ್ಲಿಗೆ ಹೋಗುತ್ತಿದ್ದೇನೆ ಅಂತ ಗೊತ್ತಿಲ್ಲದೆಯೇ ಹೊರಟ ಅಂತ ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯ ಹೇಳುತ್ತದೆ.

ನಾವು ಹಾಗೆ ಬಂದವರಲ್ಲ. ಸಂಬಳ ಎಷ್ಟು, ವೀಸಾ ಯಾವುದು, ಸ್ಕೂಲ್ ಹೇಗಿದೆ, ಹತ್ತಿರದಲ್ಲಿ ತೊಗರಿಬೇಳೆ ಸಿಗುತ್ತಾ, ಎಲ್ಲ ವಿಚಾರಿಸಿಕೊಂಡೇ ವಿಮಾನ ಹತ್ತಿದೆವು. ಸ್ಟೇಜ್ ಮೇಲೆ ಮೈಕ್ ಹಿಡಿದು ನಮ್ಮ ವಲಸೆಯನ್ನು ದೊಡ್ಡ ತ್ಯಾಗದ ಥರ ಹೇಳಿಕೊಳ್ಳುವಾಗ ನನಗೆ ಸ್ವಲ್ಪ ಮುಜುಗರವಾಗುತ್ತದೆ.

ಆದರೆ ಅಬ್ರಹಾಮನ ಮುಂದಿನ ಕಥೆ ಓದಿ, ನಮ್ಮವನೇ ಅನ್ನಿಸಿಬಿಡುತ್ತಾನೆ. ಬರ ಬಂತು ಅಂತ ಈಜಿಪ್ಟಿಗೆ ಹೋದ. ಅಲ್ಲಿ ಜೀವಭಯಕ್ಕೆ ಹೆಂಡತಿಯನ್ನೇ ತಂಗಿ ಅಂದ. ಮಗ ಹುಟ್ಟುವ ಹೊತ್ತಿಗೆ ಅವನಿಗೆ 100 ವರ್ಷ. ನಿನಗೆ ಕೊಡ್ತೀನಿ ಅಂತ ದೇವರು ಹೇಳಿದ ನಾಡಿನಲ್ಲೇ ಡೇರೆ ಹಾಕಿಕೊಂಡು ಪರದೇಶಿಯಾಗಿ ಬದುಕಿದ. ಸಾರಾ ತೀರಿಕೊಂಡಾಗ ಮಣ್ಣು ಮಾಡೋಕೆ ಸ್ವಂತದ್ದು ಅಂತ ಒಂದು ತುಂಡು ಜಾಗ ಇರಲಿಲ್ಲ. ಜಾಗದ ಯಜಮಾನ ಎಫ್ರೋನ ಮೊದಲು "ಸುಮ್ನೆ ತಗೊಳ್ಳಿ" ಅಂದ. ಆಮೇಲೆ "400 ಶೆಕೆಲ್ ಬೆಳ್ಳಿ, ನಮ್ಮಿಬ್ಬರ ಮಧ್ಯೆ ಅದೇನು ದೊಡ್ಡದು" ಅಂತ ರೇಟು ಬಿಟ್ಟ! ಅಬ್ರಹಾಮ ಚೌಕಾಸಿ ಮಾಡದೆ ತೂಗಿ ಕೊಟ್ಟು ಮಕ್ಪೇಲದ ಗವಿ ಕೊಂಡ. ಮಗ ಇಸಾಕನಿಗೆ ಹೆಣ್ಣು ಮಾತ್ರ ಊರ ಕಡೆಯದೇ ಆಗಬೇಕು ಅಂತ ಆಳನ್ನು ಕಳಿಸಿದ. ಹಾಗಂತ ಮಗನನ್ನು ಯಾವ ಕಾರಣಕ್ಕೂ ಅಲ್ಲಿಗೆ ವಾಪಸ್ ಕರೆದುಕೊಂಡು ಹೋಗಕೂಡದು ಅಂತ ಎಚ್ಚರಿಕೆಯನ್ನೂ ಕೊಟ್ಟ. ಎಲ್ಲರೂ ಅಡುಗೆ ತಂದು ಹಂಚಿಕೊಂಡು ಉಣ್ಣುವ ನಮ್ಮ ಪಾಟ್‌ಲಕ್‌ಗಳಲ್ಲಿ ನಡೆಯೋದು ಇದೇ ಮಾತು ಅಲ್ವಾ? ಆ ಮಗನನ್ನೇ ಬಲಿ ಕೊಡೋಕೆ ಬೆಟ್ಟ ಹತ್ತಿದ 22ನೇ ಅಧ್ಯಾಯಕ್ಕೆ ಮಗಳು ಇನ್ನೂ ಬಂದಿಲ್ಲ. ಅವಳು ಕೇಳಿದರೆ ಏನು ಹೇಳಲಿ? ದೇವರೇ ಅವನ ಕೈ ತಡೆದ ಅನ್ನೋದು ಗೊತ್ತಿದ್ದರೂ ನನಗೆ ಆ ಅಧ್ಯಾಯ ಸಲೀಸಾಗಿ ಓದೋಕೆ ಆಗಲ್ಲ.

ಕರೆದ ಕೂಡಲೇ ಎದ್ದು ಬಂದವರೇ ಬೈಬಲ್ ತುಂಬ ಇದ್ದಾರೆ ಅಂದುಕೊಳ್ಳಬೇಡಿ. ಯೇಸುಸ್ವಾಮಿ ಕರೆದಾಗ ಬೆಸ್ತರಾಗಿದ್ದ ಪೇತ್ರ, ಅಂದ್ರೆಯ ಇಬ್ಬರೂ ಬಲೆ ಅಲ್ಲೇ ಬಿಟ್ಟು ನಡೆದರು ನಿಜ. ಮೋಶೆ ಮಾತ್ರ ನನಗೆ ಮಾತಾಡೋಕೆ ಬರಲ್ಲ, ಬೇರೆ ಯಾರನ್ನಾದರೂ ಕಳಿಸು ಅಂತ ಜಗ್ಗಾಡಿದ. ಯೋನನಿಗೆ ನಿನೆವೆಗೆ ಹೋಗು ಅಂದರೆ ಬೇರೆಯೇ ದಿಕ್ಕಿನ ತಾರ್ಷೀಷಿನ ಹಡಗು ಹತ್ತಿದ, ಅದೂ ಕೈಯಿಂದ ದುಡ್ಡು ಕೊಟ್ಟು. ಮರಿಯಮ್ಮನೂ ನೀನು ಮಗನನ್ನು ಹೆರುವೆ ಅಂದ ದೇವದೂತನಿಗೆ ಮೊದಲು ಕೇಳಿದ್ದು ಇದು ಹೇಗಾದೀತು ಅಂತಲೇ. ಒಪ್ಪಿಗೆ ಆಮೇಲೆ.

ಇದನ್ನೆಲ್ಲ ನನಗೆ ಹೇಳಿದ್ದು ಅಜ್ಜಿ, ಹರಿಹರದ ದಾರಿಯಲ್ಲಿ. ಸೆಪ್ಟೆಂಬರ್ 8 ಅಂದರೆ ಹರಿಹರದ ಆರೋಗ್ಯ ಮಾತೆಯ ಹಬ್ಬ. ಆಗ ದಾವಣಗೆರೆ, ಹರಿಹರ ಎರಡೂ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದವು, ದಾವಣಗೆರೆ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಆ ಚರ್ಚಿಗೆ ಪೋಪ್ ಕೊಡುವ ಬಸಿಲಿಕಾ ಅನ್ನೋ ವಿಶೇಷ ಸ್ಥಾನ ಸಿಕ್ಕಿದ್ದಂತೂ ಮೊನ್ನೆ ಮೊನ್ನೆ, 2019ರಲ್ಲಿ. ದಾವಣಗೆರೆಯಿಂದ ನಸುಕಿನಲ್ಲೇ ಪಿ.ಬಿ. ರಸ್ತೆ ಹಿಡಿದು ನಡೆಯುತ್ತಿದ್ದೆವು. ಹಿಂದಿನ ಓಣಿಯ ಮೇಷ್ಟ್ರು ಪ್ರತಿ ವರ್ಷ "ನಾನೂ ಬರ್ತೀನಮ್ಮ, ನಾಕಕ್ಕೆ ಬಾಗ್ಲು ಬಡೀರಿ" ಅನ್ನುವರು. ಬಡಿದರೆ ಒಳಗಿಂದ ಉಸಿರೇ ಇಲ್ಲ. ಎದುರು ಮನೆಯ ಮಿಲ್ ಮಾಮ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ಕರೆಯೋಕೆ ಹೋದರೆ ಬೈದೇ ಕಳಿಸುವರು. "ನಂಗ ರಾತ್ರಿ ಪಾಳಿ ಐತಿ, ನಡದು ಸಾಯಾಕ ಆಗಂಗಿಲ್ಲ, ನೀವು ಹೋಗ್ರಿ."

ಬಾತಿ ಗುಡ್ಡದ ಹತ್ತಿರ ಬೆಳಕು ಹರಿಯುವಾಗ ಹಿಂದಿನಿಂದ ಸೈಕಲ್ ಬೆಲ್ ಕೇಳುತ್ತಿತ್ತು. ಮಿಲ್ ಮಾಮ. ಪಾಳಿ ಮುಗಿಸಿ ಸೀದಾ ಬಂದಿರುವರು, ಹುಬ್ಬಿನ ಮೇಲೆ, ಕಿವಿ ಕೂದಲಲ್ಲಿ ಹತ್ತಿಯ ಎಳೆ. ಕ್ಯಾರಿಯರಿಗೆ ಹಳೇ ಟ್ಯೂಬಿನಿಂದ ಬಿಗಿದ ಅಲ್ಯೂಮಿನಿಯಂ ಕ್ಯಾನು, ಅದರ ತುಂಬ ಶುಂಠಿ, ಕೊತ್ತಂಬರಿ ಜಜ್ಜಿ ಹಾಕಿದ ಮಜ್ಜಿಗೆ. ಒಂದೇ ಸ್ಟೀಲ್ ಲೋಟ, ಕೈಯಿಂದ ಕೈಗೆ. ಯಾಕೆ ಬಂದ್ರಿ ಅಂತ ಅಜ್ಜಿ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅಜ್ಜಿಯ ಚೀಲ ಹ್ಯಾಂಡಲಿಗೆ ಸಿಕ್ಕಿಸಿಕೊಂಡು, ಸೈಕಲ್ ತಳ್ಳುತ್ತಾ ಹರಿಹರದವರೆಗೂ ನಮ್ಮ ಜೊತೆ ನಡೆಯುವರು. ಅವರು ನಮ್ಮ ಚರ್ಚಿನವರೂ ಅಲ್ಲ, ಕೊರಳಲ್ಲಿ ಲಿಂಗದ ಕರಡಿಗೆ ಇತ್ತು. ಹರಿಹರದ ಸಾಲಿನಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ? ಕುಂಕುಮ ಇಟ್ಟವರು, ಟೋಪಿ ಹಾಕಿದವರು ಎಲ್ಲರ ಕೈಯಲ್ಲೂ ಮೇಣದ ಬತ್ತಿ.

ಆ ದಾರಿಯಲ್ಲೇ ಅಜ್ಜಿ ಮತ್ತಾಯನ ಶುಭಸಂದೇಶದ ಇಬ್ಬರು ಮಕ್ಕಳ ಕಥೆ ಹೇಳಿದ್ದು. ಅಲ್ಲಿರೋದು ದ್ರಾಕ್ಷಿ ತೋಟ. ಅಜ್ಜಿ ಅದನ್ನು ಚನ್ನಗಿರಿ ಕಡೆಯ ಅಡಿಕೆ ತೋಟ ಮಾಡಿದ್ದಳು. ತೋಟಕ್ಕೆ ಹೋಗಿ ಕೆಲಸ ಮಾಡು ಅಂತ ಅಪ್ಪ ಹೇಳಿದರೆ ಒಬ್ಬ ಹೋಗಲ್ಲ ಅಂದ, ಆಮೇಲೆ ಮನಸ್ಸು ಬದಲಾಗಿ ಹೋದ. ಇನ್ನೊಬ್ಬ ಆಯ್ತಪ್ಪ ಅಂದ, ಹೋಗಲೇ ಇಲ್ಲ. ಅಪ್ಪನ ಮಾತು ನಡೆಸಿದವನು ಯಾರು ಅಂತ ಯೇಸುಸ್ವಾಮಿ ಕೇಳಿದ್ದು ಮುಖ್ಯ ಯಾಜಕರನ್ನು, ಸಮಾಜದ ಹಿರಿಯರನ್ನು. ಸುಂಕದವರು, ವೇಶ್ಯೆಯರು ನಿಮಗಿಂತ ಮುಂಚೆ ದೇವರ ರಾಜ್ಯ ಸೇರುತ್ತಾರೆ ಅಂತ ಅವರ ಮುಖಕ್ಕೇ ಹೇಳಿದರು. ವಿಶ್ವಾಸ ಎಷ್ಟಿದೆ ಅಂತ ಯಾರೂ ಅಳೆಯಲಿಲ್ಲ ನೋಡಿ. ತೋಟಕ್ಕೆ ಹೋದನಾ ಇಲ್ವಾ, ಅಷ್ಟೇ ಲೆಕ್ಕ.

ಜಾಗ ಮುಗಿಯುತ್ತಿದೆ, ಸೂಚನೆಗಳು ಬೇಗ ಬೇಗ. ಗಣೇಶನ ಹಬ್ಬದ ಪಾಟ್‌ಲಕ್ ಬರುವ ಶನಿವಾರ, ಜಾಗ ಹೋದ ವರ್ಷದ್ದೇ. ಕನ್ನಡ ಕಲಿ ತರಗತಿ ಅದರ ಮಾರನೇ ವಾರದಿಂದ ಶುರು, ಮಕ್ಕಳ ಹೆಸರು ಈಗಲೇ ಕೊಡಿ. ರಾಜ್ಯೋತ್ಸವದ ನಾಟಕಕ್ಕೆ ಒನಕೆ ಓಬವ್ವ ಸಿಕ್ಕಿದ್ದಾಳೆ, ಮದಕರಿ ನಾಯಕ ಇನ್ನೂ ಸಿಕ್ಕಿಲ್ಲ. ಮೀಸೆ ಕೂಟದ ಖರ್ಚಿನಲ್ಲಿ. ನಮ್ಮ ಖಜಾಂಚಿ ದಂಪತಿ ಈ ತಿಂಗಳ ಕೊನೆಗೆ ಕಾಯಂ ಆಗಿ ಚಿತ್ರದುರ್ಗಕ್ಕೆ ವಾಪಸ್ ಹೋಗುತ್ತಿದ್ದಾರೆ, ಬೀಳ್ಕೊಡುಗೆಯೂ ಪಾಟ್‌ಲಕ್ ದಿನವೇ. ಅವರ ಲೆಕ್ಕದ ಪುಸ್ತಕ ಯಾರಾದರೂ ತೆಗೆದುಕೊಳ್ಳಲೇಬೇಕು. ಈ ಸುದ್ದಿಪತ್ರದ ಪುಟ ಜೋಡಿಸೋಕೂ ಒಬ್ಬರು ಬೇಕು. ನನಗೆ ಒಬ್ಬಳಿಗೇ ಇನ್ನು ಆಗ್ತಾ ಇಲ್ಲ.

ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಒತ್ತಿದವರು ಬಹಳ ಮಂದಿ ಇದ್ದಾರೆ, ಎಲ್ಲರಿಗೂ ವಂದನೆ. ಒತ್ತದವರು, ಆಗಲ್ಲ ಅಂತ ಖಡಾಖಂಡಿತ ಹೇಳಿದವರು, ಶನಿವಾರ ಬೆಳಿಗ್ಗೆ ಏಳೂವರೆಗೆ ಕುರ್ಚಿ ಹಾಕೋಕೆ ಬನ್ನಿ. ಹಿಂದಿನ ಬಾಗಿಲು ತೆಗೆದಿರುತ್ತೆ. ಮಂಡಕ್ಕಿ ತರುವವರು ಮಿರ್ಚಿ ಬೇರೆ ಡಬ್ಬಿಯಲ್ಲಿ ತನ್ನಿ, ಹೋದ ಸಲ ಎಲ್ಲ ಮೆತ್ತಗಾಗಿತ್ತು.