ಅಮೋನೈಟ್‌ಗಳ ಕಡಲು ಎಲ್ಲಿತ್ತು?

ಲೈಮ್ ರೀಜಿಸ್, ಇಂಗ್ಲೆಂಡ್

ಪ್ರೀತಿಯ ಅಪ್ಪನಿಗೆ ನಮಸ್ಕಾರಗಳು.

ಇಂಗ್ಲೆಂಡಿನ ಕರಾವಳಿಯಲ್ಲೂ ಕಚ್ಛ್‌ನಲ್ಲೂ ಹಿಮಾಲಯದ ಸ್ಪಿತಿಯಲ್ಲೂ ಅಮೋನೈಟ್ ಪಳೆಯುಳಿಕೆ ಸಿಗುವುದಾದರೆ ಆ ಕಾಲದ ಎಲ್ಲ ಕಡಲಲ್ಲೂ ಒಂದೇ ಬಗೆಯವು ಇದ್ದವೇ ಎಂದು ಕೇಳಿದ್ದಿರಿ. ಇರಲಿಲ್ಲ. ನನ್ನ ಕೆಲಸವೆಲ್ಲ ಆ ವ್ಯತ್ಯಾಸದ ಸುತ್ತಲೇ ಇದೆ.

ಸುರುಳಿ ಚಿಪ್ಪು ಕಂಡು ಇವನ್ನು ಬಸವನಹುಳು ಎಂದುಕೊಳ್ಳಬೇಡಿ. ಇವು ಈಗ ಅಳಿದುಹೋಗಿರುವ ಕಡಲಜೀವಿಗಳು, ಆಕ್ಟೋಪಸ್, ಸ್ಕ್ವಿಡ್‌ಗಳ ಬಳಗ. ಪ್ರಾಣಿ ಇರುತ್ತಿದ್ದುದು ಕೊನೆಯ ಕೋಣೆಯಲ್ಲಿ ಮಾತ್ರ. ಹಿಂದಿನ ಕೋಣೆಗಳಲ್ಲಿದ್ದ ಅನಿಲ ಅದನ್ನು ನೀರಿನಲ್ಲಿ ತೇಲಿಸುತ್ತಿತ್ತು.

ಜುರಾಸಿಕ್ ಯುಗದಲ್ಲಿ ಉತ್ತರದ ಕಡಲುಗಳಿಗೂ ಆಗ ಉತ್ತರ, ದಕ್ಷಿಣ ಭೂಖಂಡಗಳ ನಡುವೆ ಇದ್ದ ಬೆಚ್ಚನೆಯ ಟೆಥಿಸ್ ಸಾಗರಕ್ಕೂ ಅವುಗಳದೇ ಆದ ಅಮೋನೈಟ್‌ಗಳಿದ್ದವು. ಇದನ್ನು ಆಧರಿಸಿ ಪಳೆಯುಳಿಕೆ ತಜ್ಞ ಮೆಲ್ಕಿಯೋರ್ ನೊಯ್‌ಮೈರ್ 1883ರಲ್ಲಿ ಆ ಕಾಲದ ಹವಾಮಾನ ವಲಯಗಳನ್ನೇ ಗುರುತಿಸಿದರು. ಧೈರ್ಯದ ಆಲೋಚನೆ. ಆದರೆ ಉಷ್ಣತೆಯೊಂದೇ ಕಾರಣವೆಂದರೆ ನಾನು ಒಪ್ಪುವುದಿಲ್ಲ. ಫಿಲೋಸೆರಾಸ್, ಲೈಟೋಸೆರಾಸ್ ಎಂಬ ಅಮೋನೈಟ್‌ಗಳನ್ನೇ ನೋಡಿ: ಟೆಥಿಸ್‌ನ ತೆರೆದ, ಆಳದ ನೀರಿನ ಶಿಲೆಗಳಲ್ಲಿ ಅವು ಹೇರಳ, ಆಳವಿಲ್ಲದ ಕಡಲುಗಳ ಶಿಲೆಗಳಲ್ಲಿ ವಿರಳ. ಭೂಖಂಡಗಳ ಜೋಡಣೆಯೂ ಲೆಕ್ಕಕ್ಕೆ ಬರುತ್ತದೆ. ಕಚ್ಛ್‌ನ ಅಮೋನೈಟ್‌ಗಳಿಗೆ ಮಡಗಾಸ್ಕರ್‌ನ ಅಮೋನೈಟ್‌ಗಳೊಡನೆ ಹತ್ತಿರದ ನೆಂಟಸ್ತಿಕೆ ಇರುವುದು ಆಗ ಆ ಎರಡೂ ನೆಲಗಳು ಅಕ್ಕಪಕ್ಕದಲ್ಲಿದ್ದುದರಿಂದ.

ಒಂದು ತೊಡಕಿದೆ. ಪ್ರಾಣಿ ಸತ್ತ ಮೇಲೂ ಖಾಲಿ ಚಿಪ್ಪು ತೇಲಬಹುದು. ಸುರುಳಿ ಚಿಪ್ಪಿನ, ಇಂದಿಗೂ ಬದುಕಿರುವ ಕಡಲಜೀವಿ ನಾಟಿಲಸ್‌ನ ಖಾಲಿ ಚಿಪ್ಪುಗಳು ತಮ್ಮ ನೆಲೆಯಿಂದ ಬಹುದೂರದ ದಡ ಸೇರುತ್ತವೆ. ಹಾಗಾಗಿ ಚಿಪ್ಪು ಸಿಕ್ಕ ಜಾಗವನ್ನೇ ಅದರ ಮನೆ ಎನ್ನಲಾಗದು. ಮರಿಗಳೂ ಬೆಳೆದವೂ ಒಟ್ಟಿಗೆ ಸಿಕ್ಕರೆ, ಚಿಪ್ಪಿನೊಳಗೆ ದವಡೆ ಉಳಿದಿದ್ದರೆ, ಅದು ಅಲ್ಲೇ ಬದುಕಿತ್ತೆಂಬ ನಂಬಿಕೆ ಗಟ್ಟಿಯಾಗುತ್ತದೆ. ಒಂದು ದವಡೆ ಕಂಡರೆ ನನಗಾಗುವ ಸಂತೋಷ ದೊಡ್ಡ ಚಿಪ್ಪು ಸಿಕ್ಕರೂ ಆಗುವುದಿಲ್ಲ.

ಮರಿಗಳ ವಿಷಯ ನಿಮಗೆ ಇಷ್ಟವಾಗಬಹುದು. ಮೊಟ್ಟೆಯಿಂದ ಹೊರಬಂದಾಗ ಅವು ಸಾಸಿವೆ ಕಾಳಿನಷ್ಟು, ಸುಮಾರು ಒಂದು ಮಿಲಿಮೀಟರ್. ಪ್ಲಾಂಕ್ಟನ್ ಎಂಬ, ನೀರಿನಲ್ಲಿ ತೇಲುವ ಸಣ್ಣ ಜೀವಿಗಳ ಜೊತೆ ತೇಲುತ್ತಾ ಪ್ರವಾಹ ಒಯ್ದಲ್ಲಿಗೆ ಹೋಗುತ್ತಿದ್ದವು. ಹಲವು ಜಾತಿಗಳು ಬೇಗ ವಿಶಾಲ ಪ್ರದೇಶಕ್ಕೆ ಹರಡಿದ್ದು ಹೀಗಿರಬೇಕು. 6.6 ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಡಿದು ಪ್ಲಾಂಕ್ಟನ್ ಕುಸಿದಾಗ ಅದೇ ಬದುಕು ಅವುಗಳಿಗೆ ಮುಳುವಾಯಿತೆಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ. ನಾಟಿಲಸ್ ಬಳಗ ಉಳಿಯಿತು. ಅದರ ಮೊಟ್ಟೆ ದೊಡ್ಡದು, ಮರಿ ಹುಟ್ಟುವಾಗಲೇ ಎರಡು ಮೂರು ಸೆಂಟಿಮೀಟರ್ ಇರುತ್ತದೆ. ಆದರೂ ಗಾತ್ರವೊಂದರಿಂದಲೇ ಎಲ್ಲವನ್ನೂ ವಿವರಿಸಬಹುದೆಂದು ನನಗನ್ನಿಸುವುದಿಲ್ಲ. ವಿಶಾಲವಾಗಿ ಹರಡಿದ್ದ ಕೆಲವು ಅಮೋನೈಟ್‌ಗಳು ಆ ಆಘಾತದ ನಂತರವೂ ಸ್ವಲ್ಪ ಕಾಲ ಬದುಕಿದ್ದಿರಬಹುದೆಂಬ ಸುಳಿವುಗಳಿವೆ.

ಅಮ್ಮನಿಗೂ ಇದನ್ನು ಓದಿ ಹೇಳಿ. ಸ್ಪಿತಿಯ ಬಗ್ಗೆ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ನಿಮ್ಮ ಮಗಳು