ಮಳೆ ರಜೆಯ ಸುದ್ದಿಯಲ್ಲೇ ಗ್ರಾಮರ್ ಉಂಟು

ಕುಂಜಿಬೆಟ್ಟು, ಉಡುಪಿ
ಜುಲೈ 6

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ಇಂಗ್ಲಿಷ್ ಟೆಸ್ಟಿನಲ್ಲಿ ಪಾಠದ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಬರೆದಿದ್ದೀಯಂತೆ. ಗ್ರಾಮರ್‌ನಲ್ಲಿ ಮಾತ್ರ ಅಂಕ ಹೋಯಿತಂತೆ. ನೀನು ಅತ್ತದ್ದನ್ನೂ ಹೇಳಿದಳು. ಅಳುವಂಥದ್ದು ಏನೂ ಆಗಿಲ್ಲ ಮಗಾ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೂ ಬೇಕಷ್ಟು ತಿಂಗಳು ಉಂಟು. ಆದರೆ ಗೈಡ್ ಇಟ್ಟುಕೊಂಡು ರೂಲ್‌ಗಳನ್ನು ಬಾಯಿಪಾಠ ಮಾಡುತ್ತಿದ್ದೀಯ ಅಂತ ಕೇಳಿದಾಗ ನನಗೆ ಚಿಂತೆ ಆಯಿತು. ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ನಾನೂ ನಿನ್ನ ಹಾಗೆ ಕನ್ನಡ ಮೀಡಿಯಂನಲ್ಲೇ ಕಲಿತವಳು. ಬ್ಯಾಂಕಿಗೆ ಸೇರಿದ ಹೊಸತರಲ್ಲಿ ಒಬ್ಬ ಗ್ರಾಹಕರಿಗೆ ಕಾಗದ ಬರೆಯಲಿಕ್ಕೆ ಹೇಳಿದರು. ‘ವಿ ಡಿಡ್ ನಾಟ್ ರಿಸೀವ್ಡ್ ಯುವರ್ ಲೆಟರ್’ ಅಂತ ಬರೆದೆ. ಮ್ಯಾನೇಜರು ‘ರಿಸೀವ್ಡ್’ ಪದದ ಕೊನೆಯ ‘ಡಿ’ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕೊಟ್ಟರು. ಬೈಯಲಿಲ್ಲ. ‘ದಿನಾ ಪೇಪರ್ ಓದಮ್ಮ, ಪೆನ್ಸಿಲ್ ಹಿಡಿದುಕೊಂಡು ಓದು’ ಅಂದರು. ‘ಡಿಡ್’ ಬಂದರೆ ಕ್ರಿಯಾಪದ ಮೂಲ ರೂಪದಲ್ಲೇ ಇರಬೇಕು ಅನ್ನುವ ರೂಲ್ ನನಗೆ ಬಾಯಿಪಾಠ ಇತ್ತು. ಕೈಗೆ ಬಂದಿರಲಿಲ್ಲ, ಅಷ್ಟೇ. ಅವರು ಹೇಳಿದ ಹಾಗೆ ಒಂದು ವರ್ಷ ಓದಿದೆ. ಆಮೇಲೆ ಆ ತಪ್ಪು ಬರಲಿಲ್ಲ.

ಈಗ ಓದುವ ಕ್ರಮ ಹೇಳುತ್ತೇನೆ. ಮೊದಲು ಕನ್ನಡ ಪೇಪರಿನಲ್ಲಿ ನಮ್ಮ ಊರಿನ ಒಂದು ಸಣ್ಣ ಸುದ್ದಿ ಓದು. ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷ್ ಪೇಪರಿನ ಮಂಗಳೂರು ಪುಟದಲ್ಲಿ ಹುಡುಕು. ಏನಾಯಿತು ಅಂತ ನಿನಗೆ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಅರ್ಥ ಹುಡುಕುವುದರಲ್ಲೇ ಸುಸ್ತಾಗುವುದಿಲ್ಲ, ಆ ಸಂಗತಿಯನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಿದ್ದಾರೆ ಅಂತ ನೋಡಲಿಕ್ಕೆ ಆಗುತ್ತದೆ. ಸಂಪಾದಕೀಯ, ಷೇರು ಪೇಟೆ ಎಲ್ಲ ಈಗ ಬೇಡ. ಒಂದು ದಿನಕ್ಕೆ ಒಂದೇ ಸುದ್ದಿ, ಇಪ್ಪತ್ತು ನಿಮಿಷ ಸಾಕು.

ಮಳೆ ರಜೆಯ ಸುದ್ದಿಯನ್ನೇ ತೆಗೆದುಕೋ. ರಾತ್ರಿ ಒಂಬತ್ತು ಗಂಟೆಯಿಂದ ನೀವೆಲ್ಲ ಮೊಬೈಲ್ ನೋಡುತ್ತಾ ಕಾಯುವ ಸುದ್ದಿ ಅದು, ಅಲ್ವಾ? ಮನೆಯಲ್ಲಿ ನಾವು ‘ಡಿಸಿ ರಜೆ ಕೊಟ್ಟಿದ್ದಾರೆ’ ಅನ್ನುತ್ತೇವೆ. ಕನ್ನಡ ಪೇಪರ್ ‘ರಜೆ ಘೋಷಿಸಲಾಗಿದೆ’ ಅನ್ನುತ್ತದೆ. ಇಂಗ್ಲಿಷ್ ಪೇಪರಿನಲ್ಲಿ ‘ಎ ಹಾಲಿಡೇ ಹ್ಯಾಸ್ ಬೀನ್ ಡಿಕ್ಲೇರ್ಡ್ ಫಾರ್ ಸ್ಕೂಲ್ಸ್’ ಅಂತ ಇರುತ್ತದೆ. ನಿನ್ನ ಪ್ಯಾಸಿವ್ ವಾಯ್ಸ್ ಇದೇ. ‘ಘೋಷಿಸಲಾಗಿದೆ’ಯ ‘ಲಾಗಿದೆ’ ಮಾಡುವ ಕೆಲಸವನ್ನೇ ಅಲ್ಲಿ ‘ಹ್ಯಾಸ್ ಬೀನ್’ ಮಾಡುತ್ತದೆ. ಕೊಟ್ಟದ್ದು ಯಾರು ಅನ್ನುವುದಕ್ಕಿಂತ ರಜೆ ಸಿಕ್ಕಿತು ಅನ್ನುವುದೇ ಓದುವವರಿಗೆ ಮುಖ್ಯ. ಅದಕ್ಕೇ ರಜೆಯನ್ನು ಮುಂದೆ ತಂದದ್ದು. ಈಗ ಅದನ್ನು ತಿರುಗಿಸಿ ಬರೆ: ‘ದಿ ಡೆಪ್ಯುಟಿ ಕಮಿಷನರ್ ಹ್ಯಾಸ್ ಡಿಕ್ಲೇರ್ಡ್ ಎ ಹಾಲಿಡೇ.’ ಹೀಗೆ ದಿನಕ್ಕೊಂದು ವಾಕ್ಯವನ್ನು ಎರಡೂ ಕಡೆ ತಿರುಗಿಸು.

ಅದೇ ಸುದ್ದಿಯಲ್ಲಿ ಇನ್ನೊಂದು ನೋಡು. ಮೊದಲ ಸಲ ‘ಎ ಹಾಲಿಡೇ’ ಅಂತ ಬಂತು. ಮುಂದಿನ ವಾಕ್ಯದಲ್ಲಿ ಅದೇ ರಜೆಯ ಮಾತು ಬಂದರೆ ‘ದಿ ಹಾಲಿಡೇ’ ಆಗುತ್ತದೆ. ಅಜ್ಜಿ ನಿನಗೆ ಕತೆ ಹೇಳುತ್ತಿದ್ದದ್ದು ನೆನಪುಂಟಾ? ‘ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂರು ಜನ ಮಕ್ಕಳು.’ ಮೊದಲು ‘ಒಬ್ಬ’, ಆಮೇಲೆ ‘ಆ’. ಇಂಗ್ಲಿಷಿನ ‘ಎ’, ‘ದಿ’ ಎಷ್ಟೋ ಕಡೆ ಹೀಗೆಯೇ ನಡೆಯುತ್ತವೆ. ಎಲ್ಲ ಕಡೆಯೂ ಅಲ್ಲ. ನಾವು ಕನ್ನಡದಲ್ಲಿ ಏನೂ ಹಾಕದೆ ಬಿಡುವ ಕಡೆಯೂ ಅವರಿಗೆ ಒಂದು ಬೇಕಾಗುತ್ತದೆ. ಅದಕ್ಕೇ ಸುದ್ದಿಯಲ್ಲಿ ಬರುವ ಎಲ್ಲ ‘ಎ’, ‘ದಿ’ಗೂ ಪೆನ್ಸಿಲಿನಿಂದ ಸುತ್ತು ಹಾಕು. ಒಂದು ತಿಂಗಳು ಸುತ್ತು ಹಾಕಿದರೆ, ಇಲ್ಲದ ಕಡೆ ನಿನಗೇ ಏನೋ ಬಿಟ್ಟುಹೋಗಿದೆ ಅನಿಸುತ್ತದೆ. ತಪ್ಪು ತಿದ್ದುವ ಪ್ರಶ್ನೆಗೆ ಬೇಕಾದದ್ದು ಆ ಅನಿಸಿಕೆಯೇ.

ಪ್ರಿಪೊಸಿಷನ್‌ಗೆ ನಮ್ಮ ಕಡಲಿನ ಸುದ್ದಿ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಪೇಪರಿನಲ್ಲಿ ‘ಫ್ರಂ ಜೂನ್ 1 ಟು ಜುಲೈ 31’ ಅಂತ ಇರುತ್ತದೆ. ಬೋಟುಗಳು ಹೊರಟ ಮೇಲೆ ‘ಆಫ್ ಮಲ್ಪೆ’ ಅಂತ ಕಾಣಿಸುತ್ತದೆ. ನಿನಗೆ ಗೊತ್ತಿರುವ ‘ಆಫ್’ ಸ್ವಿಚ್ಚಿನದ್ದು. ಇಲ್ಲಿ ಅದು ದಡದಿಂದಾಚೆ, ಮಲ್ಪೆಯ ಎದುರಿನ ಕಡಲಿನಲ್ಲಿ ಅಂತ. ‘ಇನ್ ಮಲ್ಪೆ’ ಅಂತ ಬರೆದರೆ ಬೋಟು ಪೇಟೆಯೊಳಗೆ ಬಂದ ಹಾಗೆ ಆಗುತ್ತದೆ. ಹಾಗೆಯೇ ‘ಪೊಲೀಸ್ ಹ್ಯಾವ್ ಅರೆಸ್ಟೆಡ್’ ಅಂತ ಕಂಡರೆ ಅದು ಅಚ್ಚಿನ ತಪ್ಪು ಅಂತ ತಿಳಿಯಬೇಡ. ಇಂಗ್ಲಿಷಿನಲ್ಲಿ ಪೊಲೀಸ್ ಬಹುವಚನ, ನ್ಯೂಸ್ ಏಕವಚನ.

ನಮ್ಮ ಮಕ್ಕಳಿಗೆ ಅತಿ ಕಷ್ಟ ಆಗುವುದು ರಿಪೋರ್ಟೆಡ್ ಸ್ಪೀಚ್. ಯಾಕೆ ಅಂದರೆ ಕನ್ನಡದಲ್ಲಿ ‘ಅಂತ’ ಒಂದು ಹಾಕಿದರೆ ಕೆಲಸ ಮುಗಿಯಿತು. ‘ನಾಳೆ ಬರುತ್ತೇನೆ ಅಂತ ಹೇಳಿದಳು’ ಅನ್ನುತ್ತೇವೆ. ಅವಳ ಮಾತು ಇದ್ದ ಹಾಗೇ ಉಳಿಯಿತು, ಯಾವುದೂ ಬದಲಾಗಲಿಲ್ಲ. ಇಂಗ್ಲಿಷಿನಲ್ಲಿ ‘ಶಿ ಸೆಡ್ ದ್ಯಾಟ್ ಶಿ ವುಡ್ ಕಮ್ ದಿ ನೆಕ್ಸ್ಟ್ ಡೇ’ ಆಗುತ್ತದೆ. ‘ಐ’ ಹೋಗಿ ‘ಶಿ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದಿ ನೆಕ್ಸ್ಟ್ ಡೇ’. ಸುದ್ದಿಯಲ್ಲಿ ಯಾರಾದರೂ ಹೇಳಿದ ಮಾತು ಉದ್ಧರಣ ಚಿಹ್ನೆಯೊಳಗೆ ಇದ್ದರೆ ಅದನ್ನು ಹೀಗೆ ಬದಲಿಸಿ ಬರೆ. ಈ ಮೂರನ್ನೂ ಬದಲಿಸಿದ್ದೇನಾ ಅಂತ ಪ್ರತಿ ಸಲ ನೋಡಿಕೋ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪೇಪರಿನವರು ‘ಸೆಡ್’ ಆದಮೇಲೂ ಕೆಲವು ಸಲ ‘ವಿಲ್’ ಅಂತಲೇ ಬಿಡುತ್ತಾರೆ. ಕೆಲಸ ಇನ್ನೂ ಮುಂದೆ ಆಗಬೇಕಾದದ್ದಾದರೆ ಅದು ತಪ್ಪಲ್ಲ. ಆದರೆ ಪರೀಕ್ಷೆಯಲ್ಲಿ ನೀನು ಪಠ್ಯಪುಸ್ತಕದ ಕ್ರಮದಲ್ಲೇ ಬರೆ. ತಲೆಬರಹದ ಇಂಗ್ಲಿಷನ್ನಂತೂ ಉತ್ತರ ಪತ್ರಿಕೆಗೆ ತರಲೇಬೇಡ. ‘ಟೂ ಹರ್ಟ್ ಇನ್ ಬಸ್ ಆಕ್ಸಿಡೆಂಟ್’ ಅಂತ ಹಾಕುತ್ತಾರೆ, ಜಾಗ ಉಳಿಸಲಿಕ್ಕೆ. ನಿನ್ನೆ ಆದದ್ದನ್ನೂ ಈಗ ಆಗುತ್ತಿರುವ ಹಾಗೆ ಬರೆಯುತ್ತಾರೆ. ‘ಮಿನಿಸ್ಟರ್ ಟು ವಿಸಿಟ್ ಉಡುಪಿ’ ಅಂದರೆ ಮುಂದೆ ಬರಲಿದ್ದಾರೆ ಅಂತ. ಈ ತಲೆಬರಹಗಳನ್ನು ಪೂರ್ತಿ ವಾಕ್ಯ ಮಾಡು: ‘ಟೂ ಪರ್ಸನ್ಸ್ ವರ್ ಹರ್ಟ್ ಇನ್ ಎ ಬಸ್ ಆಕ್ಸಿಡೆಂಟ್.’ ಬಿಟ್ಟುಹೋದ ‘ವರ್’, ‘ಎ’ ಎರಡನ್ನೂ ನೀನೇ ತುಂಬಿಸಿದ ಹಾಗಾಯಿತು. ಗೈಡಿನ ಹತ್ತು ಪುಟಕ್ಕಿಂತ ಇದು ಹೆಚ್ಚು ಕಲಿಸುತ್ತದೆ ಅಂತ ನನ್ನ ನಂಬಿಕೆ.

ಕೊನೆಗೆ ಆ ಸುದ್ದಿಯ ಮೊದಲ ವಾಕ್ಯಕ್ಕೆ ಎರಡು ಪ್ರಶ್ನೆ ಮಾಡು. ಯಾವಾಗ, ಎಲ್ಲಿ ಅಂತ. ‘ವೆನ್ ಡಿಡ್ ದಿ ಬೋಟ್ ಸಿಂಕ್?’ ಅಂತ ಬರೆಯಬೇಕು, ‘ಡಿಡ್ ದಿ ಬೋಟ್ ಸ್ಯಾಂಕ್’ ಅಲ್ಲ. ನನ್ನ ಕೆಂಪು ಗೆರೆ ನೆನಪಿರಲಿ.

ನೀನಿರುವ ಮಂಗಳೂರು ಪೇಪರಿನ ಊರು ಪುಟ್ಟಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಅಲ್ಲೇ ಹೊರಬಂತು. ತಂದವರು ಹರ್ಮನ್ ಮೊಗ್ಲಿಂಗ್, ಜರ್ಮನಿಯವರು. 1836ರಲ್ಲಿ ಇಲ್ಲಿಗೆ ಬಂದು, ಏಳು ವರ್ಷದಲ್ಲಿ ನಮ್ಮ ಭಾಷೆಯಲ್ಲಿ ಪತ್ರಿಕೆ ತರುವಷ್ಟು ಕಲಿತರು. ಇನ್ನೊಬ್ಬರ ಭಾಷೆ ನನಗೆ ಬರುವುದೇ ಇಲ್ಲ ಅಂತ ನೀನು ಅಮ್ಮನ ಹತ್ತಿರ ಹೇಳಿದೆಯಂತೆ. ಹಾಗೆ ಅನಿಸಿದಾಗ ಅವರನ್ನು ನೆನೆಸಿಕೋ.

ನಿಮ್ಮ ಮನೆಗೆ ಇಂಗ್ಲಿಷ್ ಪೇಪರ್ ಬರುವುದಿಲ್ಲ ಅಂತ ನನಗೆ ಗೊತ್ತು. ಶಾಲೆಯ ಲೈಬ್ರರಿಯಲ್ಲಿ ಹಿಂದಿನ ದಿನದ್ದು ಸಿಕ್ಕಿದರೂ ಸಾಕು. ಮೊಬೈಲಿನಲ್ಲಿ ಓದಬೇಡ, ಅದರಲ್ಲಿ ಸುತ್ತು ಹಾಕಲಿಕ್ಕೆ ಆಗುವುದಿಲ್ಲ, ಬೇರೆ ಕಡೆ ಮನಸ್ಸು ಹೋಗುವುದೂ ಜಾಸ್ತಿ. ಈ ಪತ್ರದ ಜೊತೆ ಹತ್ತು ಕಟಿಂಗ್ ಇಟ್ಟಿದ್ದೇನೆ, ಎಲ್ಲ ನಮ್ಮ ಕಡೆಯ ಸುದ್ದಿಗಳೇ. ಒಂದೊಂದರ ಹಿಂದೆ ಅದರ ಕನ್ನಡ ಸುದ್ದಿಯನ್ನೂ ಪಿನ್ ಮಾಡಿದ್ದೇನೆ. ಮೊದಲನೆಯದು ಮಳೆ ರಜೆಯದ್ದು. ನಾಳೆ ಸಂಜೆಯೇ ಶುರು ಮಾಡು.

ಅಷ್ಟಮಿಗೆ ಬರುವಾಗ ನೋಟ್‌ಬುಕ್ ತಾ. ಮೂಡೆ ಬೇಯುವಷ್ಟು ಹೊತ್ತು ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ದೊಡ್ಡಮ್ಮ