ಪಕ್ಕದ ಟೆಂಟಿನಲ್ಲಿ ಮಗು ಇದೆ

ನಾಳೆ ಬೆಳಿಗ್ಗೆ ನಮ್ಮ ಕನ್ನಡ ಕೂಟದ ಪತ್ರಿಕೆಯ ಸಂಚಿಕೆ ಪ್ರಿಂಟಿಗೆ ಹೋಗಬೇಕು. ಗಣೇಶನ ಬಗ್ಗೆ ನಾಲ್ಕು ಮಾತು ಬರೆದು ಮುಗಿಸೋಣ ಅಂತ ಕೂತೆ. ತಲೆ ಮಾತ್ರ ಇನ್ನೂ ಲೇಬರ್ ಡೇ ರಜೆಗೆ ಕೂಟದವರೆಲ್ಲ ಟೆಂಟ್ ಹಾಕಿದ ಕ್ಯಾಂಪಿನಲ್ಲೇ ಇದೆ. ಮಗಳು ಅಲ್ಲಿ ಕೇಳಿದ ಪ್ರಶ್ನೆ ಇದು: “ಅಮ್ಮ, ಅವರಿಗೂ ಸಂಬಳ ಇಲ್ಲ, ನಿಂಗೂ ಇಲ್ಲ. ಅವರು ಮಾತ್ರ ಹೇಗೆ ಯಾವಾಗ್ಲೂ ನಗ್ತಾ ಇರ್ತಾರೆ?”

ಅವರು ಅಂದರೆ ನಮ್ಮ ಮಿಷಿಗನ್ನಿನ ಲಡಿಂಗ್ಟನ್ ಸ್ಟೇಟ್ ಪಾರ್ಕಿನ ಕ್ಯಾಂಪ್‌ಗ್ರೌಂಡ್ ಹೋಸ್ಟ್ ದಂಪತಿ, ಅಂದರೆ ಟೆಂಟು, ಟ್ರೇಲರ್ ಹಾಕುವ ಜಾಗ ನೋಡಿಕೊಳ್ಳುವ ಸ್ವಯಂಸೇವಕರು. ಬಂದವರೆಲ್ಲ ನೋಡಿದ್ದೀರಿ. ಇಬ್ಬರೂ ರಿಟೈರ್ ಆದವರು. ತಮ್ಮದೇ ಟ್ರೇಲರ್ ತಂದು ಅಲ್ಲೇ ಇರುತ್ತಾರೆ. ಸೈಟಿಗೆ ಬಾಡಿಗೆ ಇಲ್ಲ, ಬದಲಿಗೆ ವಾರಕ್ಕೆ ಸುಮಾರು 30 ಗಂಟೆ ಸೇವೆ. ಶನಿವಾರ ನಮ್ಮವರೆಲ್ಲ 112 ಅಡಿ ಎತ್ತರದ ಬಿಗ್ ಸೇಬಲ್ ಲೈಟ್‌ಹೌಸ್ ಹತ್ತಲು ಹೊರಟರು. ಮಂಡಿ ನೋವಿನ ನೆಪ ಹೇಳಿ ನಾನು ಹೋಸ್ಟ್ ದಂಪತಿಯಲ್ಲಿ ಹೆಂಡತಿಯ ಜೊತೆ ಸುತ್ತಿದೆ.

ಮೊದಲ ಕೆಲಸ ಬೂದಿ. ಖಾಲಿಯಾದ ಸೈಟಿನ ಬೆಂಕಿಗುಂಡಿಯ ಮೇಲೆ ಅಂಗೈ ಮಗುಚಿ ಹಿಡಿದು ಕಾವು ನೋಡುತ್ತಾರೆ. ಸ್ವಲ್ಪ ಬಿಸಿ ಅನಿಸಿದರೂ ನೀರು ಸುರಿದು, ಕೋಲಿನಲ್ಲಿ ಕಲಸಿ, ಮತ್ತೆ ನೀರು. ಅಲ್ಯೂಮಿನಿಯಂ ಫಾಯಿಲ್ ಸುಟ್ಟುಹೋಗುತ್ತೆ ಅಂತ ಜನ ನಂಬಿದ್ದಾರಂತೆ, ಗುಂಡಿಯಿಂದ ಅದನ್ನು ಹೆಕ್ಕುವುದೇ ಒಂದು ಉದ್ಯೋಗ. ಆಮೇಲೆ ಬಾಟಲಿ ಮುಚ್ಚಳ, ಟೆಂಟಿನ ಮುರಿದ ಗೂಟ, ಒಂಟಿ ಚಪ್ಪಲಿ. ನಮ್ಮ ಸೈಟಿಗೆ ಬಂದಾಗ ರಾತ್ರಿ ರಕೂನ್ ಮಹಾಶಯರು ಚಕ್ಕುಲಿ ಡಬ್ಬಿ ತೆಗೆದು ಮಾಡಿದ ಸಮಾರಾಧನೆಯನ್ನು ನೋಡಿ ಆಕೆ ಕೇಳಿದ್ದು ಒಂದೇ: “ಇದರಲ್ಲಿ ಏನು ಹಾಕ್ತೀರಿ?”

ಮಧ್ಯಾಹ್ನದ ಮೇಲೆ ಹೊಸಬರು ಬರುತ್ತಾರೆ. ಟ್ರೇಲರ್ ಹಿಂದಕ್ಕೆ ತೆಗೆಯುವಾಗ ಗಂಡ ಹೆಂಡಿರ ಜಗಳ ಗ್ಯಾರಂಟಿ. ಹೋಸ್ಟ್ ಬಾಯಿ ಹಾಕುವುದಿಲ್ಲ, ಕರೆದರೆ ಮಾತ್ರ ಹೋಗುತ್ತಾರೆ. ಒಬ್ಬರು ಮನೆಯಿಂದ ಸೌದೆ ಕಟ್ಟಿಕೊಂಡು ಬಂದಿದ್ದರು. ಅಲ್ಲಿ ಮಾತ್ರ ಆಕೆ ಗಟ್ಟಿ. ಎಮರಾಲ್ಡ್ ಆಶ್ ಬೋರರ್ ಅನ್ನುವ ಹಸಿರು ಹುಳು ಈ ದೇಶದಲ್ಲಿ ಮೊದಲು ಸಿಕ್ಕಿದ್ದು 2002ರಲ್ಲಿ, ನಮ್ಮ ಡೆಟ್ರಾಯಿಟ್ ಪಕ್ಕದಲ್ಲೇ. ಇಂಥ ಸೌದೆಯ ಜೊತೆಗೇ ಊರೂರು ಸುತ್ತಿ ಕೋಟಿಗಟ್ಟಲೆ ಆಶ್ ಮರಗಳನ್ನು ಒಣಗಿಸಿದೆ. ಎಷ್ಟೇ ಗಟ್ಟಿಯಾಗಿ ಹೇಳಿದರೂ ದಂಡ ಹಾಕುವ ಅಧಿಕಾರ ಹೋಸ್ಟ್‌ಗೆ ಇಲ್ಲ. ಮಾತು ಕೇಳದಿದ್ದರೆ ರೇಂಜರ್‌ಗೆ ತಿಳಿಸಬಹುದು, ಅಷ್ಟೇ.

ರಾತ್ರಿ ಹತ್ತರ ಮೇಲೆ ಗಲಾಟೆ ಮಾಡುವಂತಿಲ್ಲ. ನಮ್ಮ ಅಂತ್ಯಾಕ್ಷರಿ ಆಗ ತಾನೇ ಕಾವೇರಿತ್ತು. ಆಕೆ ಬಂದು ಮೆಲ್ಲಗೆ “ಪಕ್ಕದ ಟೆಂಟಿನಲ್ಲಿ ಪುಟ್ಟ ಮಗು ಇದೆ” ಅಂದರು. ಎಲ್ಲರೂ ಗಪ್‌ಚುಪ್. ಬೆಳಿಗ್ಗೆ ನೋಡಿದರೆ ಪಕ್ಕದಲ್ಲಿ ಗಡ್ಡದ ಇಬ್ಬರು ಮೀನು ಹಿಡಿಯುವವರು! ಆ ಮಗುವನ್ನು ನಮ್ಮ ರಾಜ್ಯೋತ್ಸವದ ಭಾಷಣಗಳಿಗೂ ಒಮ್ಮೆ ಕರೆಸಬೇಕು ಅನಿಸಿತು.

ಮಗಳ ಪ್ರಶ್ನೆಯನ್ನು ಆಕೆಯ ಮುಂದಿಟ್ಟೆ. ಒಂದು ಕಾಗದ ತೋರಿಸಿದರು. ಇಷ್ಟು ವಾರ, ವಾರಕ್ಕೆ ಇಷ್ಟು ಗಂಟೆ, ಇಂಥ ಕೆಲಸ. ಅವಧಿ ಮುಗಿದ ಮೇಲೆ ಮೊಮ್ಮಕ್ಕಳ ಮನೆ. ಮುಂದಿನ ವರ್ಷ ಬರಬೇಕು ಅನಿಸಿದರೆ ಮತ್ತೆ ಅರ್ಜಿ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವವರಿಗೆ ಚಾರ್ಮಾಡಿ ದಾರಿಯಲ್ಲಿ ಮಜ್ಜಿಗೆ ಕೊಡುತ್ತಾರಲ್ಲ, ಅವರೂ ಹಾಗೇ. ರಾತ್ರಿಯಿಡೀ ನಿಂತಿರುತ್ತಾರೆ, ಹಬ್ಬ ಮುಗಿದರೆ ಚಪ್ಪರ ಬಿಚ್ಚಿ ಮನೆಗೆ ಹೋಗುತ್ತಾರೆ. ನಮ್ಮ ಕೂಟದಲ್ಲಿ ಚಪ್ಪರ ಬಿಚ್ಚುವ ಪದ್ಧತಿಯೇ ಇಲ್ಲ. ಒಮ್ಮೆ “ಮೈಕ್ ನಾನು ನೋಡ್ಕೋತೀನಿ” ಅಂದವರು ಕೂದಲು ನೆರೆತರೂ ಮೈಕ್ ನೋಡಿಕೊಳ್ಳುತ್ತಿದ್ದಾರೆ. ಆಮೇಲೆ ಒಂದು ದಿನ ಮುನಿಸಿಕೊಂಡು ಕೂಟಕ್ಕೇ ಬರುವುದಿಲ್ಲ. ತಪ್ಪು ಅವರದ್ದಲ್ಲ.

ಜಾಗ ಕಮ್ಮಿ ಇದೆ, ಬೇಗ ಹೇಳಿಬಿಡುತ್ತೇನೆ. ಗಣೇಶ ಹಬ್ಬ ಯಥಾಪ್ರಕಾರ ತಿಥಿಗಲ್ಲ, ಶನಿವಾರಕ್ಕೆ. ಮೋದಕಕ್ಕೆ ತೆಂಗಿನಕಾಯಿ ತುರಿದು ತರುವವರು ಗುರುವಾರದೊಳಗೆ ಹೆಸರು ಕೊಡಿ. ಕನ್ನಡ ಶಾಲೆ ಮುಂದಿನ ಭಾನುವಾರದಿಂದ. ಹೋದ ವರ್ಷದ ಪುಸ್ತಕಗಳನ್ನು ದಯವಿಟ್ಟು ವಾಪಸ್ ತನ್ನಿ. ರಾಜ್ಯೋತ್ಸವ ನಾಟಕಕ್ಕೆ ಗಂಡು ಪಾತ್ರಗಳು ಇನ್ನೂ ಖಾಲಿ. ಕ್ಯಾಂಪಿನಲ್ಲಿ ಉಳಿದ ನೀಲಿ ಕುಕ್ಕರ್ ನನ್ನ ಗ್ಯಾರೇಜಿನಲ್ಲಿದೆ, ಸೀಟಿ ಇಲ್ಲ.

ಇನ್ನೊಂದು. ಈ ಪತ್ರಿಕೆಗೆ ಕರಡು ತಿದ್ದಲು ಒಬ್ಬರು, ಜಾಹೀರಾತು ತರಲು ಒಬ್ಬರು ಬೇಕು. ವಾರಕ್ಕೆ ಎರಡು ಗಂಟೆ, ಯುಗಾದಿ ಸಂಚಿಕೆ ತನಕ ಮಾತ್ರ. ಆಮೇಲೆ ನಿಮ್ಮನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ಬೇಕಾದರೆ ಬರೆದುಕೊಡುತ್ತೇನೆ. ಫೋನ್ ಮಾಡುವುದು ಬೇಡ, ಹಬ್ಬದ ದಿನ ನಾನು ಪಾತ್ರೆ ತೊಳೆಯುವ ಕಡೆ ಇರುತ್ತೇನೆ, ಅಲ್ಲೇ ಬಂದು ಹೇಳಿ.